ಬಿಚ್ಚಿಕೊಂಡ ಕರುಳಿಗೂ ಆಪರೇಷನ್ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ಹಲವು ವರ್ಷಗಳಿಂದ ಪಾರ್ಕಿನ್‌ಸನ್ ಕಾಯಿಲೆ ಇದೆ. ಮಲಬದ್ಧತೆಯೂ ಜಾಸ್ತಿ. ಮೂರು ದಿನದ ಹಿಂದೆ ಹೊಟ್ಟೆ ಇದ್ದಕ್ಕಿದ್ದಂತೆ ಊದಿಕೊಂಡಿತು. ಮಲ ಇರಲಿ, ಗಾಳಿಯೂ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಆಮೇಲೆ ಸಿ.ಟಿ. ಸ್ಕ್ಯಾನ್ ಕೂಡ ಮಾಡಿದರು. ದೊಡ್ಡ ಕರುಳು ತಿರುಚಿಕೊಂಡಿದೆ ಎಂದು ಹೇಳಿ, ಗುದದ್ವಾರದಿಂದ ಟ್ಯೂಬ್ ಹಾಕಿ ಬಿಚ್ಚಿದರು. ಈಗ ಆರಾಮಾಗಿದ್ದಾರೆ. ಆದರೆ ಡಾಕ್ಟರ್ ಇದೇ ವಾರ ಆಪರೇಷನ್ ಮಾಡಿ ಕರುಳಿನ ಒಂದು ಭಾಗ ತೆಗೆಯಬೇಕು ಅನ್ನುತ್ತಿದ್ದಾರೆ. ಸರಿಹೋದದ್ದನ್ನು ಮತ್ತೆ ಯಾಕೆ ಕೊಯ್ಯಬೇಕು? ಎಕ್ಸ್‌ರೇಯಲ್ಲೇ ಗೊತ್ತಾಗಿದ್ದರೆ ಸಿ.ಟಿ. ಯಾಕೆ ಬೇಕಿತ್ತು? ಹೊಟ್ಟೆಗೆ ಚೀಲ ಹಾಕುತ್ತಾರಾ? ನನಗೆ ಎರಡು ತಿಂಗಳ ಮಗುವಿದೆ. ಇದು ಮಗುವಿಗೂ ಬರಬಹುದಾ?

ಉತ್ತರ: ಮೊನ್ನೆ ನರಳುತ್ತಿದ್ದವರು ಇವತ್ತು ಎದ್ದು ಕೂತು ಮಾತಾಡುತ್ತಿದ್ದಾರೆ. ಅಂಥವರನ್ನು ಆಪರೇಷನ್ನಿಗೆ ಕಳಿಸಿ ಅಂದರೆ ಯಾವ ಮಕ್ಕಳಿಗೂ ಮನಸ್ಸು ಒಪ್ಪುವುದಿಲ್ಲ. ಆದರೂ ನೀವು ಬರೆದಿರುವುದನ್ನು ಓದಿದರೆ ನಿಮ್ಮ ಡಾಕ್ಟರ್ ಹೇಳುತ್ತಿರುವುದು ಸರಿ ಅಂತಲೇ ನನಗನ್ನಿಸುತ್ತದೆ. ಕರುಳಿನ ಸುತ್ತು ಬಿಚ್ಚಿದೆ, ನಿಜ. ಅದು ಯಾಕೆ ಸುತ್ತಿಕೊಂಡಿತೋ ಆ ಕಾರಣ ಮಾತ್ರ ಹಾಗೇ ಒಳಗೆ ಉಳಿದಿದೆ.

ಕಾರಣ ಏನು ಅಂತ ಮೊದಲು ಹೇಳುತ್ತೇನೆ. ದೊಡ್ಡ ಕರುಳು ಗುದನಾಳಕ್ಕೆ ಸೇರುವ ಮುಂಚೆ, ಹೊಟ್ಟೆಯ ಕೆಳಗಡೆ ಎಡಕ್ಕೆ, ಒಂದು ಬಾಗು ಇದೆ. ಅದಕ್ಕೆ ಸಿಗ್ಮಾಯ್ಡ್ ಅನ್ನುತ್ತೇವೆ. ಮೆಸೆಂಟರಿ ಎಂಬ ತೆಳು ಪೊರೆ ಈ ಬಾಗನ್ನು ಬೆನ್ನಿನ ಕಡೆಯ ಗೋಡೆಗೆ ತೂಗುಹಾಕಿರುತ್ತದೆ. ಕರುಳಿಗೆ ರಕ್ತ ತರುವ ನಾಳಗಳು, ವಾಪಸ್ ಒಯ್ಯುವ ನಾಳಗಳು ಎಲ್ಲ ಈ ಪೊರೆಯೊಳಗೇ ಇವೆ. ಈಗ ಒಂದು ಜೋಕಾಲಿಯನ್ನು ನೆನಪಿಸಿಕೊಳ್ಳಿ. ಎರಡು ಹಗ್ಗಗಳನ್ನು ಕೊಂಬೆಗೆ ದೂರ ದೂರ ಕಟ್ಟಿದರೆ ಅದು ಹಿಂದೆ ಮುಂದೆ ತೂಗುತ್ತದೆ, ಅಷ್ಟೆ. ಅದೇ ಎರಡೂ ಹಗ್ಗಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿ, ಹಗ್ಗವನ್ನೂ ಉದ್ದ ಬಿಟ್ಟು, ಮೇಲೆ ಭಾರ ಕೂರಿಸಿದರೆ? ಒಂದು ಸಣ್ಣ ತಳ್ಳು ಸಾಕು, ಗಿರ್ರನೆ ಸುತ್ತಿಕೊಳ್ಳುತ್ತದೆ. ನಿಮ್ಮ ತಂದೆಯವರ ಸಿಗ್ಮಾಯ್ಡ್ ಹೀಗೆಯೇ ಇರುತ್ತದೆ. ವರ್ಷಗಟ್ಟಲೆ ಮಲಬದ್ಧತೆಯಿಂದ ಕರುಳು ಉದ್ದವಾಗಿದೆ, ಅಗಲವಾಗಿದೆ. ಬುಡ ಮಾತ್ರ ಕಿರಿದು. ಪಾರ್ಕಿನ್‌ಸನ್ ಇದ್ದವರಲ್ಲಿ ಕರುಳಿನ ಚಲನೆಯೇ ನಿಧಾನ, ಹಾಗಾಗಿ ಮಲವೂ ಗಾಳಿಯೂ ತುಂಬಿ ಭಾರವಾಗಿ ನಿಂತುಬಿಡುತ್ತದೆ. ಬಹಳ ಕಾಲ ಹಾಸಿಗೆ ಹಿಡಿದವರಲ್ಲಿ, ಮಾನಸಿಕ ಕಾಯಿಲೆಗೆ ದೀರ್ಘಕಾಲ ಔಷಧ ತೆಗೆದುಕೊಂಡವರಲ್ಲಿ ಕೂಡ ಇದೇ ಕಥೆ.

ಅರ್ಧ ಸುತ್ತು, ಅಂದರೆ 180 ಡಿಗ್ರಿ ದಾಟಿದರೆ ದಾರಿ ಕಟ್ಟಿಕೊಳ್ಳುತ್ತದೆ. ಪೂರ್ತಿ ಒಂದು ಸುತ್ತು ಬಂದರೆ ರಕ್ತಕ್ಕೂ ಕುತ್ತು. ಆ ಬಾಗು ಎರಡೂ ತುದಿಯಲ್ಲಿ ಬಾಯಿ ಬಿಗಿದ ಚೀಲದಂತೆ ಆಗುತ್ತದೆ. ಒಳಗಿನ ಬ್ಯಾಕ್ಟೀರಿಯಾಗಳು ಗಾಳಿ ಉತ್ಪಾದಿಸುತ್ತಲೇ ಇರುತ್ತವೆ, ಹೊರಗೆ ಹೋಗಲು ದಾರಿ ಇಲ್ಲ. ಇನ್ನೊಂದು ಕಡೆ, ರಕ್ತ ವಾಪಸ್ ಒಯ್ಯುವ ನಾಳಗಳ ಗೋಡೆ ತೆಳು, ಅವು ಮೊದಲು ಮುಚ್ಚಿಕೊಳ್ಳುತ್ತವೆ. ರಕ್ತ ತರುವ ನಾಳಗಳ ಗೋಡೆ ದಪ್ಪ, ಅವು ಇನ್ನೂ ಸ್ವಲ್ಪ ಹೊತ್ತು ರಕ್ತ ನೂಕುತ್ತಿರುತ್ತವೆ. ಒಳಗೆ ಬಂದ ರಕ್ತ ಹೊರಗೆ ಹೋಗುವುದಿಲ್ಲ. ಕರುಳು ಊದುತ್ತದೆ, ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಬರುವ ರಕ್ತವೂ ನಿಲ್ಲುತ್ತದೆ. ಅಲ್ಲಿಂದ ಕೆಲವು ಗಂಟೆಗಳಲ್ಲಿ ಆ ಭಾಗ ಸಾಯುತ್ತದೆ. ಅದೇ ಗ್ಯಾಂಗ್ರೀನ್. ಸತ್ತ ಕರುಳು ತೂತಾದರೆ ಮಲ ಹೊಟ್ಟೆಯೊಳಗೆ ಹರಡುತ್ತದೆ, ಆಗ ಜೀವ ಉಳಿಸುವುದೇ ಕಷ್ಟ.

ನೀವು ಹೇಳಿದ ಮೂರು ಲಕ್ಷಣಗಳು, ಹೊಟ್ಟೆ ಊದುವುದು, ಮಲ ನಿಲ್ಲುವುದು, ಗಾಳಿಯೂ ನಿಲ್ಲುವುದು, ಇದಕ್ಕೆ ಸರಿಯಾಗಿ ಹೊಂದುತ್ತವೆ. ದೊಡ್ಡ ಕರುಳು ಕಟ್ಟಿಕೊಂಡಾಗ ವಾಂತಿ ತಡವಾಗಿ ಬರುತ್ತದೆ. ಹಾಗಾಗಿ ವಾಂತಿ ಇಲ್ಲ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಪಾರ್ಕಿನ್‌ಸನ್ ಅಥವಾ ಮರೆವಿನ ಕಾಯಿಲೆ ಇರುವ ಹಿರಿಯರು ನೋವನ್ನು ಬಾಯಿಬಿಟ್ಟು ಹೇಳುವುದೂ ಕಡಿಮೆ. 'ಯಾವಾಗಲೂ ಇರುವ ಮಲಬದ್ಧತೆ ತಾನೇ' ಎಂದು ಇನ್ನೊಂದು ಡೋಸ್ ಭೇದಿ ಔಷಧ ಕೊಟ್ಟು ಒಂದು ರಾತ್ರಿ ಕಳೆದುಬಿಡುತ್ತಾರೆ. ನೀವು ಕರೆದುಕೊಂಡು ಹೋಗಿದ್ದು ಒಳ್ಳೆಯದಾಯಿತು. ಇಂಥ ರೋಗಿ ಬಂದರೆ ನಾನು ತಪ್ಪದೇ ಕೇಳುವ ಪ್ರಶ್ನೆ ಒಂದಿದೆ: ಹಿಂದೆ ಯಾವಾಗಲಾದರೂ ಹೀಗೇ ಊದಿಕೊಂಡು, ತುಂಬಾ ಗಾಳಿ ಹೋಗಿ, ತಾನಾಗೇ ಇಳಿದಿತ್ತಾ? ಎಷ್ಟೋ ಜನ ಯೋಚಿಸಿ, ಹೌದು ಅನ್ನುತ್ತಾರೆ. ಕರುಳು ಅರ್ಧ ಸುತ್ತಿ ತಾನೇ ಬಿಚ್ಚಿಕೊಂಡಿದ್ದ ಸಲಗಳು ಅವು. ನಿಮ್ಮ ತಂದೆಯವರನ್ನೂ ಒಮ್ಮೆ ಕೇಳಿ ನೋಡಿ.

ಇನ್ನು ಎಕ್ಸ್‌ರೇ. ಸುತ್ತಿಕೊಂಡ ಸಿಗ್ಮಾಯ್ಡ್ ಗಾಳಿ ತುಂಬಿ ಹೊಟ್ಟೆಯ ಕೆಳಗಿನಿಂದ ಎದೆಯ ತನಕ ಏರಿ ನಿಂತಿರುತ್ತದೆ. ಅದರ ಎರಡು ಕಾಲುಗಳು ಒಂದಕ್ಕೊಂದು ಒತ್ತಿಕೊಂಡು ನಡುವೆ ಒಂದು ಗೆರೆ ಮೂಡುತ್ತದೆ. ನೋಡಲು ಥೇಟ್ ಒಂದು ದೊಡ್ಡ ಕಾಫಿ ಬೀಜ. ಈ ಚಿತ್ರ ಸ್ಪಷ್ಟವಾಗಿ ಕಂಡರೆ ಅನುಮಾನವೇ ಬೇಡ. ತೊಂದರೆ ಏನೆಂದರೆ, ಎಲ್ಲರಲ್ಲೂ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ದಾರಿ ಕಟ್ಟಿದಾಗಲೂ, ಕರುಳು ಸುಮ್ನೆ ಸೋತು ಊದಿಕೊಂಡಾಗಲೂ ಎಕ್ಸ್‌ರೇ ಹತ್ತಿರ ಹತ್ತಿರ ಹೀಗೇ ಕಾಣಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ.

ಸಿ.ಟಿ. ಬೇಕಾಗುವುದು ಇಲ್ಲಿ. ಅದರಲ್ಲಿ ಮೆಸೆಂಟರಿಯೂ ರಕ್ತನಾಳಗಳೂ ಒಂದು ಬಿಂದುವಿನ ಸುತ್ತ ನೀರಿನ ಸುಳಿಯಂತೆ ಸುತ್ತಿಕೊಂಡಿರುವುದು ಕಣ್ಣಿಗೇ ಕಾಣುತ್ತದೆ. ಎಲ್ಲಿ ಕಟ್ಟಿದೆ, ಒಂದು ಕಡೆಯೋ ಎರಡು ಕಡೆಯೋ ಎಂಬುದು ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಕರುಳಿನ ಗೋಡೆಗೆ ರಕ್ತ ತಲುಪುತ್ತಿದೆಯೇ ಎಂಬುದರ ಸುಳಿವು ಸಿಗುತ್ತದೆ. ಗೋಡೆಯೊಳಗೆ ಗಾಳಿ ಇದ್ದರೆ, ಹೊಟ್ಟೆಯಲ್ಲಿ ಕರುಳಿನ ಹೊರಗಡೆ ಗಾಳಿ ಕಂಡರೆ, ಸ್ಕೋಪ್ (ಗುದದ್ವಾರದಿಂದ ಒಳಗೆ ಬಿಡುವ ಕ್ಯಾಮೆರಾ ಕೊಳವೆ) ಹಾಕುವ ಮಾತೇ ಇಲ್ಲ, ನೇರವಾಗಿ ಆಪರೇಷನ್. ರಕ್ತಪರೀಕ್ಷೆಯಲ್ಲಿ ಲ್ಯಾಕ್ಟೇಟ್ ಎಂಬುದನ್ನೂ, ಅಂದರೆ ಅಂಗಕ್ಕೆ ರಕ್ತ ಸಾಲದಾದಾಗ ಹೆಚ್ಚುವ ಒಂದು ಅಂಶವನ್ನೂ, ನೋಡುತ್ತೇವೆ. ಅದು ಏರಿದ್ದರೆ ಗಾಬರಿಪಡಬೇಕು. ಆದರೆ ಅದು ಸರಿಯಾಗಿದೆ ಅಂದ ಮಾತ್ರಕ್ಕೆ ಕರುಳು ಚೆನ್ನಾಗಿದೆ ಅಂತ ಅರ್ಥವಲ್ಲ. ಎಷ್ಟೇ ಯಂತ್ರಗಳಿದ್ದರೂ ಗಂಟೆಗೊಮ್ಮೆ ಹೊಟ್ಟೆ ಮುಟ್ಟಿ ನೋಡುವ ಕೈಯನ್ನು ನಾನು ಜಾಸ್ತಿ ನಂಬುತ್ತೇನೆ. ಊದಿದ್ದರೂ ಮೆತ್ತಗಿದ್ದ ಹೊಟ್ಟೆ ಹಲಗೆಯಂತೆ ಬಿಗಿಯಾದರೆ, ಮುಟ್ಟಿದರೆ ರೋಗಿ ಕೈ ತಳ್ಳಿದರೆ, ಜ್ವರ ಬಂದು ನಾಡಿ ಓಡತೊಡಗಿದರೆ, ಇನ್ನೊಂದು ರಿಪೋರ್ಟಿಗೆ ಕಾಯಬಾರದು.

ನಿಮ್ಮ ತಂದೆಯವರಲ್ಲಿ ಇಂಥ ಲಕ್ಷಣ ಇರಲಿಲ್ಲ ಅನಿಸುತ್ತದೆ. ಅದಕ್ಕೇ ಡ್ರಿಪ್ ಹಾಕಿ, ಉಪ್ಪಿನಂಶ ಸರಿಮಾಡಿ, ಸ್ಕೋಪ್ ಆರಿಸಿಕೊಂಡಿದ್ದಾರೆ. ನಾರ್ವೆಯ ಬ್ರೂಸ್‌ಗಾರ್ಡ್ ಎಂಬ ಸರ್ಜನ್ ಗುದದ್ವಾರದಿಂದ ಕೊಳವೆ ಹಾಕಿ ಸುತ್ತು ಬಿಡಿಸಿದ ಅನುಭವವನ್ನು 1947ರಲ್ಲಿ ಪ್ರಕಟಿಸಿದರು. ಅವತ್ತಿನ ಕೊಳವೆ ಗಟ್ಟಿಯಾದದ್ದು. ಇವತ್ತಿನದು ಬಾಗುವ ಕ್ಯಾಮೆರಾ. ಕೆಲಸ ಮಾತ್ರ ಅದೇ. ಸ್ಕೋಪನ್ನು ನಿಧಾನವಾಗಿ ಮೇಲೆ ಒಯ್ಯುತ್ತೇವೆ. ಒಂದು ಕಡೆ ಕರುಳಿನ ಒಳಪದರ ಸುರುಳಿಯಾಗಿ ಒಂದು ಚುಕ್ಕೆಯಲ್ಲಿ ಕೂಡಿಕೊಂಡಿರುತ್ತದೆ. ಅಲ್ಲಿ ಬಲವಂತ ಮಾಡಬಾರದು. ಸ್ವಲ್ಪ ಗಾಳಿ ಬಿಟ್ಟು, ತುದಿಯನ್ನು ಮೆಲ್ಲಗೆ ಒತ್ತಿ ಹಿಡಿಯುತ್ತೇವೆ. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ತಟ್ಟನೆ ಚುಕ್ಕೆ ತೆರೆದುಕೊಳ್ಳುತ್ತದೆ, ಗಾಳಿಯೂ ನೀರು ಮಲವೂ ಭರ್ರೆಂದು ನುಗ್ಗಿ ಬರುತ್ತದೆ. ಪಕ್ಕದಲ್ಲಿರುವ ನರ್ಸ್ ಹೊಟ್ಟೆಯ ಮೇಲೆ ಕೈ ಇಟ್ಟಿದ್ದರೆ ಅದು ಕೈ ಕೆಳಗೇ ಇಳಿಯುವುದು ಗೊತ್ತಾಗುತ್ತದೆ. ಎಷ್ಟು ವರ್ಷ ಮಾಡಿದರೂ ಆ ಕ್ಷಣದಲ್ಲಿ ನನ್ನ ಎದೆಯೂ ಹಗುರಾಗುತ್ತದೆ.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಒಳಗೆ ಹೋಗಿ ಒಳಪದರದ ಬಣ್ಣ ನೋಡಬೇಕು. ಗುಲಾಬಿ ಬಣ್ಣವಿದ್ದರೆ ಸರಿ. ಕಪ್ಪಾಗಿದ್ದರೆ, ಬೂದು ಬಣ್ಣವಿದ್ದರೆ, ರಕ್ತ ಮಿಶ್ರಿತ ನೀರು ಬಂದರೆ, ಅಲ್ಲಿಗೇ ನಿಲ್ಲಿಸಿ ಥಿಯೇಟರಿಗೆ ಹೊರಡಬೇಕು. ಚೆನ್ನಾಗಿದ್ದರೆ ಒಂದು ಮೆತ್ತನೆ ಟ್ಯೂಬನ್ನು ಸುತ್ತಿದ ಜಾಗದಾಚೆಗೆ ಬಿಟ್ಟು ಒಂದರಿಂದ ಮೂರು ದಿನ ಇಡುತ್ತೇವೆ. ಅದು ಜಾರಿ ಬಂದರೆ ಕೂಡಲೇ ತಿಳಿಸಿ, ಯಾಕೆಂದರೆ ಮೊದಲ ದಿನಗಳಲ್ಲೇ ಮತ್ತೆ ಸುತ್ತಿಕೊಳ್ಳುವುದುಂಟು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಸ್ಕೋಪ್‌ನಿಂದ ಬರೀ ಬಿಚ್ಚಿ ಮನೆಗೆ ಕಳಿಸಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಕೆಲವು ವರದಿಗಳಲ್ಲಿ ಅದಕ್ಕೂ ಹೆಚ್ಚು ಜನರಿಗೆ, ಕರುಳು ಮತ್ತೆ ತಿರುಚಿಕೊಂಡಿದೆ. ಉದ್ದ ಹಗ್ಗ, ಕಿರಿದು ಬುಡ, ಎರಡೂ ಹಾಗೇ ಇವೆ ಅಲ್ವಾ? ಮುಂದಿನ ಸಲ ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು. ಅದು ಮಧ್ಯರಾತ್ರಿ ಬರಬಹುದು, ನೀವು ಊರಲ್ಲಿಲ್ಲದಾಗ ಬರಬಹುದು. ನನ್ನ ಆರಂಭದ ವರ್ಷಗಳಲ್ಲಿ ಒಬ್ಬ ಹಿರಿಯರು ಹೀಗೇ ಬಿಚ್ಚಿಸಿಕೊಂಡು, 'ಈಗ ಏನೂ ಇಲ್ಲವಲ್ಲ' ಎಂದು ಹೊರಟರು. ನಾನೂ ಜೋರು ಮಾಡಿ ಹೇಳಲಿಲ್ಲ. ಐದನೇ ವಾರ ವಾಪಸ್ ಬಂದಾಗ ಅವರ ಹೊಟ್ಟೆ ಹಲಗೆಯಾಗಿತ್ತು. ತೆರೆದರೆ ಕರುಳು ಒದ್ದೆ ಕಾಗದದಂತೆ, ಮುಟ್ಟಿದಲ್ಲಿ ಹರಿಯುತ್ತಿತ್ತು. ಅವರನ್ನು ಉಳಿಸಿಕೊಳ್ಳಲು ಆಗಲಿಲ್ಲ. ಅವತ್ತಿನಿಂದ ಈ ಮಾತನ್ನು ನಾನು ಮೆಲುದನಿಯಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ.

ಯೋಜನೆ ಹಾಕಿ ಮಾಡುವ ಆಪರೇಷನ್ನಿಗೂ ಗ್ಯಾಂಗ್ರೀನ್ ಆದಮೇಲೆ ಅವಸರದಲ್ಲಿ ಮಾಡುವ ಆಪರೇಷನ್ನಿಗೂ ಅಪಾಯದಲ್ಲಿ ಅಜಗಜಾಂತರ. ಎರಡನೆಯದರಲ್ಲಿ ಸಾವಿನ ಪ್ರಮಾಣ ಹಲವು ಪಟ್ಟು ಜಾಸ್ತಿ. ಈಗ ನಿಮ್ಮ ತಂದೆಯವರ ಕರುಳು ಖಾಲಿಯಾಗಿದೆ, ಊತ ಇಳಿಯುತ್ತಿದೆ, ದೇಹದ ನೀರಿನಂಶ ಸರಿಯಾಗಿದೆ, ಹೃದಯ ಶ್ವಾಸಕೋಶಗಳನ್ನು ಪರೀಕ್ಷಿಸಲು ಸಮಯ ಸಿಕ್ಕಿದೆ. ಬಿಚ್ಚಿದ ಎರಡರಿಂದ ಐದು ದಿನದೊಳಗೆ, ಅದೇ ಸಲದ ದಾಖಲಾತಿಯಲ್ಲಿ ಆಪರೇಷನ್ ಮುಗಿಸುವುದು ಇದಕ್ಕೇ.

ಆಪರೇಷನ್ನಿನಲ್ಲಿ ಏನು ಮಾಡುತ್ತಾರೆ? ಆ ಉದ್ದನೆಯ ಬಾಗನ್ನು ಪೂರ್ತಿ ತೆಗೆದು, ಮೇಲಿನ ಕರುಳನ್ನು ಗುದನಾಳದ ಮೇಲ್ತುದಿಗೆ ಜೋಡಿಸುತ್ತಾರೆ. ಕೈಯಿಂದ ಹೊಲಿಯಬಹುದು, ಸ್ಟೇಪ್ಲರ್ ಬಳಸಬಹುದು. ಲ್ಯಾಪರೊಸ್ಕೋಪಿಯಲ್ಲೂ ಆಗುತ್ತದೆ. ಆದರೆ ಈ ಕರುಳು ಎಷ್ಟು ಸಡಿಲ ಅಂದರೆ ಚಿಕ್ಕದೊಂದು ಗಾಯದ ಮೂಲಕವೇ ಹೊರಗೆ ಎಳೆದುಕೊಳ್ಳಬಹುದು, ಹಾಗಾಗಿ ವಿಧಾನದ ಬಗ್ಗೆ ಹಟ ಬೇಡ. ಕರುಳನ್ನು ಕೊಯ್ಯದೆ ಸುಮ್ನೆ ಹೊಟ್ಟೆಯ ಗೋಡೆಗೆ ಹೊಲಿದು ಬಿಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಹೊಲಿಗೆ ಸಡಿಲವಾಗುತ್ತದೆ, ಕರುಳು ಮತ್ತೆ ತಿರುಗುತ್ತದೆ. ಇನ್ನೊಂದು ವಿಷಯ: ಸಿಗ್ಮಾಯ್ಡ್ ಮಾತ್ರವಲ್ಲದೆ ಉಳಿದ ದೊಡ್ಡ ಕರುಳೂ ಹಿಗ್ಗಿದೆಯೇ ಎಂದು ನಿಮ್ಮ ಸರ್ಜನ್ ಅವರನ್ನು ಕೇಳಿ. ಹಾಗಿದ್ದರೆ ಇನ್ನೂ ಹೆಚ್ಚು ಭಾಗ ತೆಗೆಯಬೇಕಾಗಬಹುದು.

ಇನ್ನು ಚೀಲದ ವಿಷಯ, ಅಂದರೆ ಮಲ ಸೇರಲು ಹೊಟ್ಟೆಯ ಮೇಲೆ ಅಂಟಿಸುವ ಚೀಲ. ಯೋಜನೆಯ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಚೀಲ ಬೇಕಾಗುವುದಿಲ್ಲ. ಕರುಳು ಸತ್ತಿದ್ದರೆ, ರೋಗಿಯ ಬಿ.ಪಿ. ಕುಸಿದಿದ್ದರೆ ಲೆಕ್ಕ ಬೇರೆ. ಆಗ ಜೋಡಿಸಿದ ಹೊಲಿಗೆ ಕೂಡಿಕೊಳ್ಳುತ್ತದೆ ಅನ್ನುವ ನಂಬಿಕೆ ಇರುವುದಿಲ್ಲ. ಕೆಳತುದಿಯನ್ನು ಮುಚ್ಚಿ, ಮೇಲ್ತುದಿಯನ್ನು ಹೊಟ್ಟೆಯ ಗೋಡೆಗೆ ತಂದು ಚೀಲ ಹಾಕುತ್ತೇವೆ. ಫ್ರಾನ್ಸಿನ ಸರ್ಜನ್ ಆಂರಿ ಹಾರ್ಟ್‌ಮನ್ 1921ರಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿ ವಿವರಿಸಿದ ವಿಧಾನ ಇದು. ಕೆಲವು ತಿಂಗಳ ನಂತರ ಮತ್ತೆ ಜೋಡಿಸಬಹುದು. ಆದರೆ ವಯಸ್ಸಾದ, ಸೊರಗಿದ ಅನೇಕರಲ್ಲಿ ಆ ಎರಡನೇ ಆಪರೇಷನ್ ನಡೆಯುವುದೇ ಇಲ್ಲ, ಚೀಲ ಕಾಯಂ ಆಗಿಬಿಡುತ್ತದೆ. ಚೀಲ ತಪ್ಪಿಸಬೇಕು ಅನ್ನುವವರಿಗೂ ಈಗಲೇ ಮಾಡಿಸುವುದೇ ದಾರಿ.

ಸತ್ತ ಕರುಳಿನ ಬಗ್ಗೆ ಒಂದು ಮಾತು, ಜನ ಅಚ್ಚರಿಪಡುತ್ತಾರೆ. ಅದನ್ನು ನಾವು ಬಿಚ್ಚುವುದಿಲ್ಲ. ಸುತ್ತಿದ ಹಾಗೇ ಬುಡಕ್ಕೆ ಕ್ಲಾಂಪ್ ಹಾಕಿ ತೆಗೆದುಬಿಡುತ್ತೇವೆ. ಬಿಚ್ಚಿದರೆ ಅದರಲ್ಲಿ ತುಂಬಿದ ವಿಷವೆಲ್ಲ ರಕ್ತಕ್ಕೆ ನುಗ್ಗಿ ಬಿ.ಪಿ. ಬೀಳಬಹುದು. ಸತ್ತಿದೆಯೋ ಬದುಕಿದೆಯೋ ಅನ್ನುವಂತಿದ್ದರೆ ಮಾತ್ರ ಬಿಚ್ಚಿ, ಬೆಚ್ಚಗಿನ ಸಲೈನ್‌ನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಹತ್ತು ನಿಮಿಷ ಕಾಯುತ್ತೇವೆ. ಥಿಯೇಟರಿನಲ್ಲಿ ಯಾರೂ ಮಾತಾಡುವುದಿಲ್ಲ. ಬಟ್ಟೆ ತೆಗೆದಾಗ ನೇರಳೆ ಬಣ್ಣ ಕೆಂಪಿಗೆ ತಿರುಗಿದೆಯಾ, ಬೆರಳಿಂದ ತಟ್ಟಿದರೆ ಸಣ್ಣಗೆ ಸಂಕೋಚನದ ಅಲೆ ಓಡುತ್ತದೆಯಾ, ಮೆಸೆಂಟರಿಯಲ್ಲಿ ನಾಡಿ ಮಿಡಿಯುತ್ತದೆಯಾ ಎಂದು ನೋಡುತ್ತೇವೆ. ಈಗ ಇಂಡೋಸಯನಿನ್ ಗ್ರೀನ್ ಎಂಬ ಬಣ್ಣವನ್ನು ರಕ್ತಕ್ಕೆ ಕೊಟ್ಟು ವಿಶೇಷ ಕ್ಯಾಮೆರಾದಲ್ಲಿ ರಕ್ತದ ಓಟ ನೋಡುವ ಸೌಕರ್ಯವೂ ಇದೆ. ಆಗಲೂ ಅನುಮಾನ ಉಳಿದರೆ 24ರಿಂದ 48 ಗಂಟೆಯೊಳಗೆ ಹೊಟ್ಟೆ ಮತ್ತೆ ತೆರೆದು ನೋಡುತ್ತೇವೆ.

ಇದೇ ಕಾಯಿಲೆ ದೊಡ್ಡ ಕರುಳಿನ ಆರಂಭದಲ್ಲಿ, ಬಲಗಡೆಯ ಸೀಕಮ್ ಎಂಬ ಭಾಗದಲ್ಲಿ ಬಂದರೆ ಸ್ಕೋಪ್ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ, ಆಪರೇಷನ್ನೇ ಮೊದಲ ಚಿಕಿತ್ಸೆ. ನಿಮ್ಮ ತಂದೆಯವರದು ಅದಲ್ಲ.

ಅವರಿಗೆ ಪಾರ್ಕಿನ್‌ಸನ್ ಇರುವುದರಿಂದ ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಆಪರೇಷನ್ನಿಗೆ ಉಪವಾಸ ಇಡಬೇಕು ಎಂದು ಪಾರ್ಕಿನ್‌ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ನಿಂತುಹೋಗಬಾರದು. ಅದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೈ ಮರಗಟ್ಟುತ್ತದೆ, ನುಂಗಲು ಆಗುವುದಿಲ್ಲ, ಜೀವಕ್ಕೇ ಅಪಾಯ ಬರಬಹುದು. ಮೂಗಿನ ಟ್ಯೂಬಿನಲ್ಲಿ ಕೊಡುವುದೋ, ಚರ್ಮಕ್ಕೆ ಅಂಟಿಸುವ ಔಷಧದ ಪಟ್ಟಿ ಹಾಕುವುದೋ ಎಂದು ನರರೋಗ ತಜ್ಞರ ಜೊತೆ ಮೊದಲೇ ಮಾತಾಡಿಸಿ. ವಾಂತಿಗೆ ಸಾಮಾನ್ಯವಾಗಿ ಕೊಡುವ ಮೆಟೊಕ್ಲೊಪ್ರಮೈಡ್, ಆಪರೇಷನ್ ನಂತರ ಗಲಿಬಿಲಿಯಾದವರಿಗೆ ಕೊಡುವ ಹ್ಯಾಲೊಪೆರಿಡಾಲ್, ಎರಡೂ ಪಾರ್ಕಿನ್‌ಸನ್ ಇದ್ದವರಿಗೆ ಆಗಿಬರುವುದಿಲ್ಲ. ಕೇಸ್ ಶೀಟಿನ ಮೇಲೆ ದೊಡ್ಡದಾಗಿ ಬರೆಸಿ. ಆಪರೇಷನ್ ಆದ ಮೊದಲ ವಾರದಲ್ಲಿ ಜ್ವರ, ಜಾಸ್ತಿಯಾಗುತ್ತಿರುವ ಹೊಟ್ಟೆನೋವು, ಓಡುವ ನಾಡಿ ಕಂಡರೆ ಜೋಡಿಸಿದ ಜಾಗ ಸೋರುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಮಲಬದ್ಧತೆ ಆಪರೇಷನ್ನಿನಿಂದ ಹೋಗುವುದಿಲ್ಲ, ಅದಕ್ಕೆ ಔಷಧ ಮುಂದೆಯೂ ಬೇಕು. ಅನಸ್ತೇಶಿಯಾ ತಡೆದುಕೊಳ್ಳಲಾರದಷ್ಟು ಸೊರಗಿದವರಾದರೆ ಮಾತ್ರ, ಸ್ಕೋಪ್ ನೆರವಿನಿಂದ ಚರ್ಮದ ಮೂಲಕ ಕರುಳಿಗೆ ಚಿಕ್ಕ ಟ್ಯೂಬ್ ಹಾಕಿ ಹಿಡಿದಿಡುವ ದಾರಿಯೊಂದಿದೆ. ಅದು ಎರಡನೇ ಆಯ್ಕೆ.

ಇನ್ನು ನಿಮ್ಮ ಮಗು. ಅಜ್ಜನ ಈ ಕಾಯಿಲೆ ವಯಸ್ಸಿನ ಜೊತೆ, ಮಲಬದ್ಧತೆಯ ಜೊತೆ ಬಂದದ್ದು. ಅದು ಮಗುವಿಗೆ ದಾಟುತ್ತದೆ ಎಂದು ಹೆದರಬೇಡಿ. ಹಸುಗೂಸುಗಳಲ್ಲಿ ಕರುಳು ತಿರುಚಿಕೊಳ್ಳುವುದು ಬೇರೆ ಕಾರಣಕ್ಕೆ. ಗರ್ಭದಲ್ಲಿ ಆರನೇ ವಾರದ ಹೊತ್ತಿಗೆ ಕರುಳು ಹೊಕ್ಕುಳ ಬಳ್ಳಿಯೊಳಗೆ ಚಾಚಿಕೊಂಡು, ಹತ್ತನೇ ವಾರದ ಹೊತ್ತಿಗೆ ವಾಪಸ್ ಬರುತ್ತದೆ. ಈ ಓಡಾಟದಲ್ಲಿ ಒಟ್ಟು 270 ಡಿಗ್ರಿ ತಿರುಗಿ ತನ್ನ ಜಾಗದಲ್ಲಿ ಕೂರಬೇಕು. ಕೆಲವು ಮಕ್ಕಳಲ್ಲಿ ಆ ತಿರುಗುವಿಕೆ ಅರ್ಧಕ್ಕೇ ನಿಲ್ಲುತ್ತದೆ. ಆಗ ಇಡೀ ಸಣ್ಣ ಕರುಳು ಒಂದು ಕಿರಿದಾದ ಬುಡದಿಂದ ನೇತಾಡುತ್ತದೆ. ಅದೇ ಜೋಕಾಲಿ, ಅದೇ ಪಕ್ಕಪಕ್ಕದ ಹಗ್ಗ. ಸುತ್ತಿಕೊಂಡರೆ ಒಂದು ಬಾಗಿಗಲ್ಲ, ಸಣ್ಣ ಕರುಳು ಪೂರ್ತಿಗೇ ರಕ್ತ ನಿಲ್ಲುತ್ತದೆ. ಲಕ್ಷಣ ತೋರುವ ಮಕ್ಕಳಲ್ಲಿ ಹೆಚ್ಚಿನವರು ಮೊದಲ ತಿಂಗಳಲ್ಲೇ, ಬಹುಪಾಲು ಮಕ್ಕಳು ವರ್ಷ ತುಂಬುವುದರೊಳಗೆ ಸಿಕ್ಕಿಬೀಳುತ್ತಾರೆ. ಗುರುತು ಒಂದೇ, ಹಸಿರು ವಾಂತಿ. ಹಾಲು ಕಕ್ಕುವುದು ಬೇರೆ, ಪಿತ್ತ ಬೆರೆತ ಹಸಿರು ವಾಂತಿ ಬೇರೆ. ಆ ಹೊತ್ತಿಗೆ ಹೊಟ್ಟೆ ಮೆತ್ತಗೇ ಇರಬಹುದು, ಮಗು ನಗುತ್ತಲೂ ಇರಬಹುದು.

ಇಂಥ ಮಗುವಿಗೆ ಅಲ್ಟ್ರಾಸೌಂಡ್ ಅಥವಾ ಬಣ್ಣ ಕುಡಿಸಿ ಎಕ್ಸ್‌ರೇ ತಕ್ಷಣ ಮಾಡುತ್ತಾರೆ. ಸುತ್ತು ಕಂಡರೆ ಕೂಡಲೇ ಆಪರೇಷನ್. ಬಾಸ್ಟನ್ನಿನ ಮಕ್ಕಳ ಸರ್ಜನ್ ವಿಲಿಯಂ ಲ್ಯಾಡ್ 1936ರಲ್ಲಿ ವಿವರಿಸಿದ ವಿಧಾನವನ್ನೇ ಇಂದಿಗೂ ಅನುಸರಿಸುತ್ತಾರೆ. ಕರುಳನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಬಿಚ್ಚಿ, ಅಡ್ಡ ಬಂದ ಪಟ್ಟಿಗಳನ್ನು ಕತ್ತರಿಸಿ, ಮೆಸೆಂಟರಿಯ ಬುಡವನ್ನು ಅಗಲ ಮಾಡುತ್ತಾರೆ. ಅಂದರೆ ಜೋಕಾಲಿಯ ಹಗ್ಗಗಳನ್ನು ದೂರ ಸರಿಸುತ್ತಾರೆ. ಆಮೇಲೆ ಸಣ್ಣ ಕರುಳನ್ನು ಬಲಕ್ಕೆ, ದೊಡ್ಡ ಕರುಳನ್ನು ಎಡಕ್ಕೆ ಮಲಗಿಸುತ್ತಾರೆ. ಅಪೆಂಡಿಕ್ಸ್ ಜಾಗ ಬದಲಾಗುವುದರಿಂದ ಅದನ್ನೂ ತೆಗೆದುಬಿಡುತ್ತಾರೆ, ಮುಂದೆ ಅದು ಊದಿಕೊಂಡರೆ ಪತ್ತೆ ಹಚ್ಚುವುದು ಕಷ್ಟವಾಗಬಾರದು ಎಂದು. ಸಮಯಕ್ಕೆ ಸರಿಯಾಗಿ ಆದರೆ ಮಗು ಎಲ್ಲ ಮಕ್ಕಳಂತೆ ಬೆಳೆಯುತ್ತದೆ. ತಡವಾಗಿ ಕರುಳು ಕಳೆದುಕೊಂಡ ಮಗುವಿಗೆ ರಕ್ತನಾಳದ ಮೂಲಕವೇ ಆಹಾರ ಕೊಡಬೇಕಾಗುತ್ತದೆ, ಅದೂ ತಿಂಗಳು ವರ್ಷಗಟ್ಟಲೆ. ನಿಮ್ಮ ಮಗು ಚೆನ್ನಾಗಿ ಹಾಲು ಕುಡಿದು ತೂಕ ಏರುತ್ತಿದ್ದರೆ ಯಾವ ಪರೀಕ್ಷೆಯೂ ಬೇಡ. ಹಸಿರು ವಾಂತಿ ಒಂದೇ ಒಂದು ಸಲ ಕಂಡರೂ ಬೆಳಗಾಗುವವರೆಗೆ ಕಾಯದೆ, ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೆ ಹೊರಡಿ. ವಾಂತಿಯಾದ ಬಟ್ಟೆಯನ್ನು ತೊಳೆಯಬೇಡಿ, ಹಾಗೇ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ.